ನನ್ನ ಬಾವಿಗೆ ಉಪ್ಪು ಹಾಕಿದ ವಾದ

ನನಗೆ ಅನ್ಯಾಯವಾಗಿದೆ. ಸುತ್ತಿ ಬಳಸದೆ ಮೊದಲಿಗೇ ಹೇಳಿಬಿಡುತ್ತೇನೆ: ಒಂದು ಬೇಸಿಗೆ ಪೂರ್ತಿ ನನ್ನ ಮನೆಯ ಬಾವಿ ಉಪ್ಪಾಯಿತು, ಮತ್ತು ಅದನ್ನು ಉಪ್ಪು ಮಾಡಿದವರು ನನ್ನ ತಂಗಿಯ ಗಂಡ. ಸಮುದ್ರದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅದು ತನ್ನ ಪಾಡಿಗೆ ಉಬ್ಬುತ್ತದೆ, ಇಳಿಯುತ್ತದೆ; ಊರಿನ ಸಭೆಗೆ ಬಂದು ಭಾಷಣ ಮಾಡುವುದಿಲ್ಲ. ಭಾವ ಮಾಡುತ್ತಾರೆ. ಒಂದು ಹರಳು ಉಪ್ಪನ್ನೂ ಕೈಯಲ್ಲಿ ಮುಟ್ಟದೆ, ಬರಿಯ ವಾದದಿಂದಲೇ ಒಂದು ಬಾವಿಯನ್ನು ಕೆಡಿಸಿದ ಇನ್ನೊಬ್ಬ ಮನುಷ್ಯನನ್ನು ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲಾದರೂ ತೋರಿಸಿಕೊಡಿ, ಈ ಬರಹವನ್ನು ನಾನು ಇಲ್ಲಿಗೇ ಹರಿದುಹಾಕುತ್ತೇನೆ!

ವಾದವೆಂದರೆ ಏನೆಂದು ತಿಳಿಯದವನು ನಾನಲ್ಲ. ಸೇವೆಯ ಅಷ್ಟೂ ವರ್ಷಗಳನ್ನು ನ್ಯಾಯಾಲಯದಲ್ಲಿ ಗುಮಾಸ್ತನಾಗಿ, ಕೊನೆಗೆ ಶಿರಸ್ತೇದಾರನಾಗಿ ಕಳೆದವನು. ಒಳ್ಳೆಯ ವಾದ, ಕೆಟ್ಟ ವಾದ, ಫೀಸಿಗಾಗಿ ಮಾಡುವ ವಾದ ಈ ಮೂರನ್ನೂ ಕಣ್ಣು ಮುಚ್ಚಿಕೊಂಡು ಬೇರ್ಪಡಿಸಬಲ್ಲೆ. ಭಾವನ ವಾದ ನಾಲ್ಕನೆಯ ಜಾತಿಯದು. ಕೇಳುವಾಗ ಸರಿ ಎನ್ನಿಸುತ್ತದೆ; ಮನೆಗೆ ಬಂದು ಕಾಲು ತೊಳೆಯುವಾಗ ತಪ್ಪು ಹೊಳೆಯುತ್ತದೆ. ಅಷ್ಟರಲ್ಲಿ ತೀರ್ಪು ಅವರ ಪರವಾಗಿ ಆಗಿಹೋಗಿರುತ್ತದೆ. ಮೇಲ್ಮನವಿಗೆ ನಮ್ಮೂರಿನಲ್ಲಿ ಅವಕಾಶವಿಲ್ಲ.

ಈ ವಿದ್ಯೆಯನ್ನು ಅವರು ಕಲಿತದ್ದು ಬೊಂಬಾಯಿಯಲ್ಲಿ. ಅಲ್ಲಿ ಒಂದು ಆಫೀಸಿನ ಕ್ಯಾಂಟೀನು ನಡೆಸುತ್ತಿದ್ದರು. ಗಿರಾಕಿಯೊಬ್ಬ ಇಡ್ಲಿಯಲ್ಲಿ ಕೂದಲು ಸಿಕ್ಕಿತೆಂದು ಜಗಳಕ್ಕೆ ಬಂದನಂತೆ. ನಿನ್ನ ತಲೆಯ ತುಂಬ ಕೂದಲಿದೆ, ನಾನು ಎಂದಾದರೂ ಆಕ್ಷೇಪಿಸಿದ್ದೇನೆಯೇ ಎಂದು ಭಾವ ಕೇಳಿದರಂತೆ. ಗಿರಾಕಿ ಯೋಚನೆಗೆ ಬಿದ್ದು, ಇಡ್ಲಿ ಮುಗಿಸಿ, ಹಣ ಕೊಟ್ಟು ಹೋದನಂತೆ. ಈ ಕತೆಯನ್ನು ಭಾವ ತಮ್ಮ ಜಾಣ್ಮೆಗೆ ಸಾಕ್ಷಿಯಾಗಿ ಹೇಳುತ್ತಾರೆ. ಇಂಥವರಿಗೆ ನನ್ನ ಒಬ್ಬಳೇ ತಂಗಿಯನ್ನು ಕೊಟ್ಟಿದ್ದೇವಲ್ಲ ಎಂದು ನಾನು ಕೇಳಿಸಿಕೊಳ್ಳುತ್ತೇನೆ.

ತೊಂಬತ್ತೇಳರಲ್ಲಿ ನಾನು ನಿವೃತ್ತನಾಗಿ, ತಂಗಿಯ ಮನೆಯ ಪಕ್ಕದ ಜಾಗದಲ್ಲಿ ಮನೆ ಕಟ್ಟಿಸಿದೆ. ಕುಂಭಾಶಿಯಿಂದ ಹೆದ್ದಾರಿ ಬಿಟ್ಟು ಪಡುವಣಕ್ಕೆ ಇಳಿದರೆ ಗದ್ದೆ, ಗದ್ದೆ ಮುಗಿದಲ್ಲಿ ಹೊಳೆ, ಅದೇ ನಮ್ಮೂರು. ತಂಗಿಯ ಮನೆ ದಿಬ್ಬದ ಮೇಲೆ, ನನ್ನದು ತಗ್ಗಿನಲ್ಲಿ. ಬಾವಿಯನ್ನು ಹೊಳೆಯಿಂದ ದೂರ, ಮೂಡು ಮೂಲೆಯಲ್ಲಿ ತೋಡಿಸಬೇಕೆಂದು ನನ್ನ ಲೆಕ್ಕ. ಭಾವ ಒಪ್ಪಲಿಲ್ಲ. ಹೊಳೆ ಹತ್ತಿರವಿದ್ದಷ್ಟು ನೀರು ಬೇಗ ಸಿಗುತ್ತದೆಂದು ಅವರ ವಾದ. ಸಿಗುವುದು ಎಂಥ ನೀರು, ಉಪ್ಪಾದರೆ ಗತಿಯೇನು ಎಂದು ಕೇಳಿದೆ. ಅವರಿಗೆ ನಾನೂ ಭಾವನೇ; ನನ್ನನ್ನು ಕನಿಕರದಿಂದ ನೋಡಿದರು.

"ಬೊಂಬಾಯಿ ಇಡೀ ಸಮುದ್ರದ್ ಬದೆಗೇ ಇತ್ತಲೆ ಭಾವ. ಅಲ್ಲಿ ಜನ ನೀರ್ ಕುಡೂದಿಲ್ಯಾ?"

ಬೊಂಬಾಯಿಯ ನೀರು ಬಾವಿಯದಲ್ಲ, ಎಲ್ಲಿಂದಲೋ ಕೊಳವೆಯಲ್ಲಿ ಬರುವುದು ಎಂದು ನನಗೆ ಹೊಳೆದದ್ದು ಆ ರಾತ್ರಿ ಊಟಕ್ಕೆ ಕುಳಿತಾಗ. ಬೆಳಿಗ್ಗೆ ಹೋಗಿ ನೋಡುತ್ತೇನೆ, ಭಾವ ತಾವೇ ಮುಂದೆ ನಿಂತು ಪಡು ಮೂಲೆಯಲ್ಲಿ ಗುದ್ದಲಿ ಹಾಕಿಸಿಯಾಗಿತ್ತು! ನೀರು ಬೇಗ ಬಂತು. ಸಿಹಿಯಾಗಿಯೇ ಬಂತು. ಕಂಡಿರಾ ಎಂದು ಅವರು ಬಾಯಲ್ಲಿ ಹೇಳಲಿಲ್ಲ. ಒಂದು ಲೋಟ ಕೇಳಿ ಕುಡಿದು, ಲೋಟವನ್ನು ನನ್ನ ಕೈಗೇ ಕೊಟ್ಟರು. ಆ ಲೋಟ ಕೊಟ್ಟ ರೀತಿಯನ್ನು ನಾನು ಮರೆತಿಲ್ಲ.

ಆ ನೀರು ಸಿಹಿಯಾಗಿದ್ದುದಕ್ಕೆ ಕಾರಣವಿತ್ತು. ಮಳೆಗಾಲ ಕಳೆದು ಹೊಳೆಯ ಹರಿವು ತಗ್ಗಿತೆಂದರೆ ಉಬ್ಬರದ ಹೊತ್ತಿಗೆ ಸಮುದ್ರದ ನೀರು ಹೊಳೆಯಲ್ಲಿ ಹಿಂದಕ್ಕೆ ಏರಿ ಬರುತ್ತದೆ. ಅದನ್ನು ತಡೆಯಲು ನಮ್ಮಲ್ಲೊಂದು ಕಿಂಡಿ ಅಣೆಕಟ್ಟು ಇದೆ: ಸಾಲಾಗಿ ಕಲ್ಲಿನ ಕಂಬಗಳು, ನಡುನಡುವೆ ಕಿಂಡಿಗಳು. ದೀಪಾವಳಿ ಕಳೆದ ಮೇಲೆ ಕಿಂಡಿಗಳಿಗೆ ಎರಡು ಸಾಲು ಮರದ ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ತುಳಿದು ತುಂಬಬೇಕು. ಮಳೆಗಾಲಕ್ಕೆ ಮುಂಚೆ ತೆಗೆಯಬೇಕು. ಊರೊಟ್ಟಿನ ಕೆಲಸ. ಮನೆಗೊಬ್ಬರು ಬುಟ್ಟಿ ಹಿಡಿದು ಹೊಳೆಗೆ ಇಳಿಯುತ್ತಾರೆ. ಆಗದವರು ಚಾ, ಅವಲಕ್ಕಿ ಕಳಿಸುತ್ತಾರೆ. ಹಲಗೆ ಹಾಕುವ ದಿನವನ್ನು ಗೊತ್ತು ಮಾಡಲು ಶಾಲೆಯ ಜಗಲಿಯಲ್ಲಿ ಸಭೆ ಸೇರುತ್ತದೆ. ಯಾರ ನೆನಪಿನ ಕಾಲದಿಂದಲೋ ಹೀಗೆಯೇ ನಡೆದು ಬಂದದ್ದು. ಭಾವ ಊರಿಗೆ ಮರಳುವವರೆಗೆ ಅದರ ವಿರುದ್ಧ ವಾದಿಸಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಒಂದು ವರ್ಷದ ಸಭೆ. ಕೊಯ್ಲು ಮುಗಿದಿರಲಿಲ್ಲ, ಎಲ್ಲರಿಗೂ ಮೈಕೈ ನೋವು, ತಣ್ಣೀರಿಗೆ ಇಳಿಯುವ ಉತ್ಸಾಹ ಯಾರಿಗೂ ಇಲ್ಲ. ಇಂಥ ಹೊತ್ತು ಭಾವನಂಥವರಿಗೆ ಸುಗ್ಗಿ. ಅವರು ಎದ್ದು ನಿಂತು, ಪಂಚೆ ಸರಿಮಾಡಿಕೊಂಡು, ಒಂದೇ ಒಂದು ಪ್ರಶ್ನೆ ಕೇಳಿದರು.

"ವರ್ಷ ವರ್ಷ ಹಲ್ಗಿ ಹಾಕ್ತ್ರಿ. ಯಾರ್ ಬಾವಿಯಾರೂ ಉಪ್ಪಾಯ್ತಾ? ಇಲ್ಲೆ. ಉಪ್ಪೇ ಆಗ್ದಿದ್ದಲ್ಲಿಗೆ ಹಲ್ಗಿ ಎಂತಕೆ?"

ಓದುಗರು ದಯವಿಟ್ಟು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕು. ಕೊಡೆ ಹಿಡಿದು ಮಳೆಯಲ್ಲಿ ನಡೆದವನು, ನಾನು ನೆನೆಯಲೇ ಇಲ್ಲ, ಹಾಗಾದರೆ ಕೊಡೆ ಏಕೆ ಎಂದು ಕೇಳಿದರೆ ನೀವು ಅವನನ್ನು ಏನೆನ್ನುತ್ತೀರಿ? ನಮ್ಮೂರಿನವರು ಜಾಣನೆಂದರು. ಜಗಲಿಯ ಉದ್ದಕ್ಕೂ ತಲೆಗಳು ಆಡಿದವು.

ನಾನು ಎದ್ದೆ. ನೀರಿನ ಇಳಿಜಾರು, ಉಬ್ಬರದ ಬಲ, ಹಲಗೆಯ ಪ್ರಯೋಜನ ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಉಪ್ಪಾಗದಿರುವುದೇ ಹಲಗೆಯ ಫಲವೆಂದು ತೋರಿಸಿಕೊಟ್ಟೆ. ಇಡೀ ಸೇವಾವಧಿಯಲ್ಲಿ ಅಷ್ಟು ಅಚ್ಚುಕಟ್ಟಾದ ವಾದವನ್ನು ನಾನು ಯಾವ ವಕೀಲರ ಬಾಯಿಂದಲೂ ಕೇಳಿರಲಿಲ್ಲ. ಭಾವ ಕೊನೆಯವರೆಗೂ ಗೌರವದಿಂದ ಆಲಿಸಿದರು. ಆಮೇಲೆ ಸಭೆಯ ಕಡೆ ತಿರುಗಿದರು.

"ನಮ್ಮ್ ಭಾವ ಚಾಕೆ ಸಕ್ರಿ ಹಾಕದ್ದೆ ಕುಡೂ ಜನ. ಅವ್ರಿಗ್ ಸೀ ಯಾವ್ದ್, ಉಪ್ಪ್ ಯಾವ್ದ್ ಅಂದೇಳಿ ಎಂತ ಗೊತ್ತಾತ್ತ್?"

ಜಗಲಿ ನಕ್ಕಿತು. ನನಗೆ ಸಕ್ಕರೆ ಕಾಯಿಲೆ ಇರುವುದಕ್ಕೂ ಸಮುದ್ರದ ಉಬ್ಬರಕ್ಕೂ ಏನು ಸಂಬಂಧ? ವಾದವನ್ನು ಬಿಟ್ಟು ವಾದಿಯ ಮೇಲೆ ಬೀಳುವುದನ್ನು ಯಾವ ನ್ಯಾಯಾಧೀಶರು ಸಹಿಸುತ್ತಾರೆ? ಆದರೆ ಅಲ್ಲಿದ್ದವರು ನ್ಯಾಯಾಧೀಶರಲ್ಲ, ಸೊಂಟ ನೋಯುತ್ತಿದ್ದವರು. ನಗು ಇಳಿಯುವ ಮೊದಲೇ ಭಾವ ಇನ್ನೊಂದು ಹೆಜ್ಜೆ ಮುಂದಿಟ್ಟು, ಸಮುದ್ರಕ್ಕೇ ಗೋಡೆ ಕಟ್ಟಬೇಕೆನ್ನುವುದು ನಮ್ಮ ಭಾವನ ಅಭಿಪ್ರಾಯ, ಅದು ನಮ್ಮ ಕೈಲಾಗುವ ಮಾತೇ ಎಂದು ಕೇಳಿದರು. ನಾನು ಗೋಡೆಯ ಸುದ್ದಿಯನ್ನೇ ಎತ್ತಿರಲಿಲ್ಲ! ನಾನು ಆಡದ ಮಾತನ್ನು ನನ್ನ ಹೆಸರಿನಲ್ಲಿ ಎಬ್ಬಿಸಿ ನಿಲ್ಲಿಸಿ, ಅದನ್ನು ಹೊಡೆದು ಕೆಡವಿ, ಗೆದ್ದು ಕುಳಿತರು. ಆ ವರ್ಷ ಹಲಗೆ ಹಾಕಲಿಲ್ಲ. ಅಂದು ಯಾರು ಯಾರು ತಲೆಯಾಡಿಸಿದರು, ಯಾರು ಯಾವ ಕಂಬಕ್ಕೆ ಒರಗಿದ್ದರು ಎಂಬುದು ನನಗೆ ಇಂದಿಗೂ ಗೊತ್ತಿದೆ. ಹೆಸರು ಹೇಳುವುದಿಲ್ಲ.

ಶಿವರಾತ್ರಿಯ ಆಸುಪಾಸಿನಲ್ಲಿ ಮನೆಯಲ್ಲಿ ಚಾ ಒಡೆಯಿತು. ಹಾಲು ಸರಿ ಇಲ್ಲವೆಂದುಕೊಂಡೆವು. ಬೇಳೆ ಬೇಯಲಿಲ್ಲ, ಅಂಗಡಿಯವನ ಮೇಲೆ ಸಂಶಯಪಟ್ಟೆವು. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದವನು ಹಾಗೆಯೇ ನಿಂತೆ. ಸಕ್ಕರೆ ಹಾಕದೆ ಚಾ ಕುಡಿಯುವ ನನ್ನ ನಾಲಿಗೆಗೂ ಅದು ಉಪ್ಪೆಂದು ತಿಳಿಯಿತು.

ಭಾವನನ್ನು ಕರೆಸಿದೆ. ಸಾಕ್ಷ್ಯವನ್ನು ಲೋಟದಲ್ಲಿ ತುಂಬಿ ಮುಂದಿಟ್ಟೆ. ಕುಡಿದರು. ಬಾಯಿ ಚಪ್ಪರಿಸಿದರು. ಈಗಲಾದರೂ ತಪ್ಪೊಪ್ಪಿಗೆ ಬರುತ್ತದೆಂದು ಕಾದೆ.

"ಊರಂಗ್ ಎಷ್ಟ್ ಬಾವಿ ಇತ್ತ್. ಉಪ್ಪಾದ್ದ್ ನಿಮ್ದೊಂದೇ. ಹಾಂಗಾರೆ ತಪ್ಪ್ ಹೊಳಿದಾ, ಬಾವಿದಾ?"

ಹೊಳೆಗೆ ಎಲ್ಲಕ್ಕಿಂತ ಹತ್ತಿರವಿರುವುದು ನನ್ನ ಬಾವಿ, ಅದನ್ನು ಹತ್ತಿರಕ್ಕೆ ತಂದವರು ತಾವು ಎಂದೆ. ಅದಕ್ಕೆ ಉತ್ತರವಾಗಿ ದೀಪಾವಳಿಗೆ ನಾನು ಹೊಸ ಪಂಪು ಕೂರಿಸಿದ ವಿಷಯ ಬಂತು. ಪಂಪು ಬಂದದ್ದು ಮೊದಲು, ಉಪ್ಪು ಬಂದದ್ದು ಆಮೇಲೆ, ಇನ್ನೇನು ಬೇಕು ಎಂದರು. ಹಾಗೆ ನೋಡಿದರೆ ದೀಪಾವಳಿಯ ನಂತರ ತಮಗೆ ಕನ್ನಡಕವೂ ಬಂದಿದೆ, ಅದರಿಂದಲೂ ಉಪ್ಪಾಗಿರಬಹುದಲ್ಲ ಎಂದೆ. ಭಾವ ಕನ್ನಡಕ ತೆಗೆದು ಒರೆಸಿ, ಆ ಸಾಧ್ಯತೆಯನ್ನು ಗಂಭೀರವಾಗಿ ಯೋಚಿಸಿದರು. ಕೊನೆಗೆ ಅವರ ಅಜ್ಜಯ್ಯನ ಪ್ರವೇಶವಾಯಿತು: ಅಜ್ಜಯ್ಯ ಜೀವಮಾನವಿಡೀ ಉಪ್ಪುನೀರಿನ ಗಂಜಿ ಉಂಡು ತುಂಬು ಆಯುಷ್ಯ ಬಾಳಿದರಂತೆ. ಒಬ್ಬ ಅಜ್ಜಯ್ಯ ಬದುಕಿದ್ದರಿಂದ ಉಪ್ಪುನೀರು ಆರೋಗ್ಯಕ್ಕೆ ಒಳ್ಳೆಯದೆಂದು ಸಿದ್ಧವಾಯಿತು! ಅವರು ಗೆದ್ದವರಂತೆ ಹೊರಟುಹೋದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅಂಗಳದಲ್ಲಿ ಸದ್ದಾಯಿತು. ಭಾವ ಹೆಗಲ ಮೇಲೆ ತುಂಬಿದ ಕೊಡಪಾನ ಹೊತ್ತು ದಿಬ್ಬದಿಂದ ಇಳಿದು ಬಂದಿದ್ದರು. ಯಾರನ್ನೂ ಕೇಳದೆ ನಮ್ಮ ಹಂಡೆಗೆ ಸುರಿದರು. ಇದೇನೆಂದು ಕೇಳಿದೆ.

"ನಮ್ ಬಾವಿ ನೀರ್ ಸೇದ್ದೇ ಇದ್ರೆ ಒರ್ತಿ ಕಟ್ಟತ್ತ್ ಭಾವ. ನಿಮ್ಗ್ ಬೇಕಂದೇಳಿ ತಂದದ್ದಲ್ಲ. ಚೆಲ್ಲೂಕೆ ಜಾಗ ಇಲ್ದೆ ತಂದದ್ದ್."

ಚೆಲ್ಲಲು ಜಾಗವಿಲ್ಲವಂತೆ! ಅವರ ಹಿತ್ತಿಲಿನಲ್ಲಿ ಇಡೀ ಹೊಳೆಯನ್ನು ತಂದು ಚೆಲ್ಲಿದರೂ ತೆಂಗಿನ ಮರಗಳು ಇನ್ನಷ್ಟು ಬೇಡಿಯಾವು. ಸೇದದಿದ್ದರೆ ಬಾವಿಯ ಒರತೆ ಕಟ್ಟಿಹೋಗುವುದಾದರೆ ಇಷ್ಟು ವರ್ಷ ಏಕೆ ಕಟ್ಟಲಿಲ್ಲ ಎಂದು ನಾನು ಕೇಳಲು ಹೊರಟೆ. ಅಷ್ಟರಲ್ಲಿ ಅವರು ಎರಡನೆಯ ಕೊಡಪಾನಕ್ಕೆ ದಿಬ್ಬ ಹತ್ತಿಯಾಗಿತ್ತು. ಮೊದಲ ಮಳೆ ಬರುವವರೆಗೆ ಒಂದು ಬೆಳಿಗ್ಗೆಯೂ ತಪ್ಪಲಿಲ್ಲ. ಪ್ರತಿ ಬೆಳಿಗ್ಗೆಯೂ ನಾನು ಅವರ ವಾದದ ದೋಷವನ್ನು ಎತ್ತಿ ತೋರಿಸಿದೆ. ಪ್ರತಿ ಬೆಳಿಗ್ಗೆಯೂ ಅವರು ಹಂಡೆ ತುಂಬಿಸಿದರು. ಸುಮ್ಮನೆ ಕುಡಿಯಬಾರದೇ ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ತರ್ಕಬದ್ಧವಲ್ಲದ ನೀರನ್ನು ಸುಮ್ಮನೆ ಕುಡಿಯುವುದು ನನ್ನ ಜಾಯಮಾನವಲ್ಲ. ಆದರೂ ಕುಡಿದೆ, ಬಾಯಾರಿಕೆಯಾಗುತ್ತಿತ್ತು.

ಮುಂದಿನ ವರ್ಷದ ಸಭೆಯಲ್ಲಿ ಭಾವ ಸೋಲೊಪ್ಪಿಕೊಳ್ಳುತ್ತಾರೆಂದು ನೀವು ಎಣಿಸಿದರೆ, ಅವರನ್ನು ನಿಮಗೆ ಪರಿಚಯಿಸುವುದರಲ್ಲಿ ನಾನು ಸೋತಿದ್ದೇನೆ. ಹಲಗೆ ಹಾಕಿಯೇ ಬಿಡೋಣ, ಹಾಕಿದರೂ ನನ್ನ ಬಾವಿ ಉಪ್ಪಾಗುವುದನ್ನು ತಾವು ಇಡೀ ಊರಿಗೆ ತೋರಿಸಿಕೊಡುವುದಾಗಿ ಸಾರಿದರು. ಅದಕ್ಕಾಗಿ ಹಲಗೆಯನ್ನು ಒಂದು ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂರಿಸಬೇಕಂತೆ. ಇಲ್ಲವಾದರೆ ನಾಳೆ ನಾನು ಸಂದಿಯ ಮೇಲೆ ತಪ್ಪು ಹೊರಿಸಿ ಪಾರಾಗುತ್ತೇನಂತೆ. ನನಗೆ ಪಾರಾಗಲು ದಾರಿ ಇರಬಾರದೆಂಬ ಒಂದೇ ಹಟಕ್ಕೆ ಅವರು ಎಲ್ಲರಿಗಿಂತ ಮೊದಲು ಎದೆಮಟ್ಟದ ನೀರಿಗೆ ಇಳಿದರು. "ಹ್ವಾಯ್, ಆ ಕಂಬದ್ ಬುಡದಂಗ್ ಮಣ್ಣ್ ಸಾಕಾತಿಲ್ಲೆ ಕಾಣಿ" ಎಂದು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿ, ಮನೆಯಲ್ಲಿ ಅವಿತವರನ್ನು ಎಳೆತರಿಸಿ, ಕತ್ತಲಾಗುವವರೆಗೆ ಮಣ್ಣು ತುಳಿಸಿದರು. ಊರಿನ ಚರಿತ್ರೆಯಲ್ಲಿ ಅಂಥ ಹಲಗೆ ಹಾಕಿರಲಿಲ್ಲ. ಬೇಸಿಗೆಯಲ್ಲಿ ನನ್ನ ಬಾವಿಯ ನೀರು ಎಳನೀರಿನಂತಿತ್ತು.

ಆ ವರ್ಷ ಮಳೆ ಚೆನ್ನಾಗಿ ಆಗಿದ್ದರಿಂದ ಹಾಗಾಯಿತೆಂದು ಭಾವ ಹೇಳಿದರು. ಅದರಾಚೆಯ ವರ್ಷ ಮಳೆ ಕಡಿಮೆಯಾಗಿತ್ತು. ಆಗ ಉಬ್ಬರಕ್ಕೆ ಬಲವಿರಲಿಲ್ಲ ಎಂದರು. ಮತ್ತೊಂದು ವರ್ಷ ಹೊಳೆಯ ಬಾಯಿಗೆ ಮರಳು ಬಂದಿತ್ತು ಎಂದರು. ನಾನು ಒಂದು ಕಾರಣವನ್ನು ಕೆಡವುವಷ್ಟರಲ್ಲಿ ಇನ್ನೊಂದು ಎದ್ದು ನಿಲ್ಲುತ್ತಿತ್ತು. ಎಲ್ಲವೂ ಮುಗಿದಾಗ, ಅದೆಲ್ಲ ಕಾಕತಾಳೀಯವೆಂದರು. ಆ ಪದವನ್ನು ಅವರಿಗೆ ಕಲಿಸಿದವನು ನಾನೇ! ಹೀಗೆ ವರ್ಷಗಟ್ಟಲೆ ಪ್ರತಿ ದೀಪಾವಳಿಗೂ ಹಲಗೆ ನಿಷ್ಪ್ರಯೋಜಕವೆಂದು ಸಭೆಯಲ್ಲಿ ಸಾಧಿಸುವುದು, ಅದನ್ನು ರುಜುವಾತು ಮಾಡಲು ಹೊಳೆಗೆ ಇಳಿದು ಸಂದಿಲ್ಲದ ಹಲಗೆ ಹಾಕಿಸುವುದು ನಡೆಯಿತು. ಮರದ ಹಲಗೆಯ ಬದಲು ಹಗುರವಾದ ಫೈಬರ್ ಹಲಗೆ ತರಿಸುವ ಪ್ರಸ್ತಾಪ ಬಂದಾಗಲೂ ಅಡ್ಡ ನಿಂತವರು ಅವರೇ. ಇಂದು ಹಲಗೆ ಫೈಬರಿನದಾದರೆ ನಾಳೆ ಮಣ್ಣೂ ಫೈಬರಿನದಾಗುತ್ತದೆ, ನಾಡಿದ್ದು ಊರಿನವರೇ ಫೈಬರಿನವರಾಗುತ್ತಾರೆ ಎಂದು ಹೆದರಿಸಿದರು. ಪ್ರಸ್ತಾಪ ಬಿದ್ದುಹೋಯಿತು.

ಹೋದ ಮಳೆಗಾಲದಲ್ಲಿ ಭಾವನಿಗೆ ಎದೆನೋವು ಕಾಣಿಸಿಕೊಂಡಿತು. ಆಸ್ಪತ್ರೆಯಿಂದ ಬರುವಾಗ ಡಾಕ್ಟರರು, ಉದ್ವೇಗವಾಗುವಂಥದ್ದು ಯಾವುದೂ ಕೂಡದು, ಮುಖ್ಯವಾಗಿ ವಾದ ಮಾಡಲೇಬಾರದು ಎಂದರಂತೆ. ನನ್ನ ತಂಗಿ ಆ ಮಾತನ್ನು ಮನೆಯ ಕಾನೂನಾಗಿ ಜಾರಿಗೆ ತಂದಳು. ಯಾರು ಏನೆಂದರೂ ಹೌದೆನ್ನಬೇಕು. ಅದರಲ್ಲೂ "ಅಣ್ಣಯ್ಯ ಎಂತ ಹೇಳಿರೂ ಹೌದ್ ಅನ್ನಿ".

ಈ ಸುದ್ದಿಯನ್ನು ನಾನು ನಂಬಲಿಲ್ಲ. ನೋಡಲು ಹೋದೆ. ಭಾವ ಜಗಲಿಯಲ್ಲಿ ಶಾಲು ಹೊದ್ದು ಕುಳಿತಿದ್ದರು. ಪರೀಕ್ಷೆಗೆಂದು, ಬೊಂಬಾಯಿ ಮನುಷ್ಯರು ವಾಸಿಸುವ ಊರಲ್ಲ ಎಂದೆ. ಹೌದೆಂದರು. ಕ್ಯಾಂಟೀನಿನ ಇಡ್ಲಿ ಮನೆಯ ಇಡ್ಲಿಗೆ ಸಮವಲ್ಲ ಎಂದೆ. ಹೌದೆಂದರು. ಕೊನೆಗೆ ತಾಳ್ಮೆ ಕೆಟ್ಟು, ಸೂರ್ಯ ನಮ್ಮೂರಿನಲ್ಲಿ ಪಡುವಣದಲ್ಲಿ ಹುಟ್ಟುತ್ತಾನೆ ಎಂದುಬಿಟ್ಟೆ. ಭಾವ ನನ್ನ ಮುಖ ನೋಡಿದರು, ಒಳಗೆ ತಂಗಿಯ ಬಳೆಯ ಸದ್ದು ಕೇಳಿದರು, ಹೌದೆಂದರು. ಮನೆಗೆ ಬಂದವನಿಗೆ ಅನ್ನ ಸೇರಲಿಲ್ಲ. ಅವರು ನನಗೆ ಮಾಡಿದ ಅವಮಾನಗಳೆಲ್ಲ ಕ್ರಮವಾಗಿ ನನ್ನ ನೆನಪಿನಲ್ಲಿವೆ. ಆದರೆ ನನ್ನ ಸರಿಗೂ ತಪ್ಪಿಗೂ ಒಂದೇ ಬಗೆಯ ಹೌದು ಕೊಟ್ಟದ್ದಕ್ಕೆ ಸಮನಾದುದು ಅವುಗಳಲ್ಲಿ ಯಾವುದೂ ಇಲ್ಲ.

ದೀಪಾವಳಿ ಕಳೆದು ಸಭೆ ಸೇರಿತು. ಹಲಗೆ ಹಾಕಬೇಕೆಂದು ನಾನು ಹೇಳಿ, ಎಂದಿನಂತೆ ಎದುರು ಮಾತಿಗಾಗಿ ನಿಂತೆ. ಎಲ್ಲರೂ ಭಾವನ ಕಡೆ ನೋಡಿದರು. "ಭಾವ ಹೇಳದ್ದೇ ಸರಿ" ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಜಗಲಿಯಲ್ಲಿದ್ದವರೆಲ್ಲ ಕೈ ಎತ್ತಿದರು. ಒಮ್ಮತ! ಬರುವ ಭಾನುವಾರವೆಂದು ನಿಶ್ಚಯವಾಯಿತು. ಅಷ್ಟು ವರ್ಷಗಳಲ್ಲಿ ನಾನು ಮೊದಲ ಸಲ ಗೆದ್ದಿದ್ದೆ.

ಭಾನುವಾರ ಹೊಳೆಯ ದಂಡೆಗೆ ಬಂದವನು ನಾನೊಬ್ಬನೇ, ಚಾದ ಪಾತ್ರೆಯೊಂದಿಗೆ. ಎಲ್ಲರೂ ಒಪ್ಪಿದ ಕೆಲಸವಾದ್ದರಿಂದ ಎಲ್ಲರೂ ಹೋಗಿರುತ್ತಾರೆ, ತಾನೊಬ್ಬ ಹೋಗದಿದ್ದರೆ ನಡೆಯುತ್ತದೆ ಎಂದು ಪ್ರತಿಯೊಬ್ಬನೂ ತರ್ಕಿಸಿದ್ದ. ಇಂಥ ವಾದವನ್ನು ಭಾವ ಕೂಡ ಎಂದೂ ಹೂಡಿರಲಿಲ್ಲ. ಮುಂದಿನ ಭಾನುವಾರವೂ ಅದೇ ಕತೆ. ಅಷ್ಟರಲ್ಲಿ ಹೊಳೆಯ ನೀರನ್ನು ನಾಲಿಗೆಗೆ ಹಚ್ಚಿ ನೋಡಿದೆ. ಬದಲಾಗತೊಡಗಿತ್ತು.

ಮೊನ್ನೆ ಸಂಜೆ ಅಣೆಕಟ್ಟಿನ ಕಡೆ ಹೋದೆ. ದಂಡೆಯ ಮೇಲೆ ಒಂದು ಹಲಗೆ ಬಿದ್ದಿತ್ತು, ಅದರ ಮೇಲೆ ಭಾವ ಕುಳಿತಿದ್ದರು. ಶಾಲೆಯ ಹಿಂದಿನ ಕೊಟ್ಟಿಗೆಯಿಂದ ಹಗ್ಗ ಕಟ್ಟಿ ಎಳೆದು ತಂದಿದ್ದರು. ಗದ್ದೆಯ ಅಂಚಿನುದ್ದಕ್ಕೂ ಅದರ ಗೆರೆ ಬಿದ್ದಿತ್ತು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಡಾಕ್ಟರರ ಮಾತು ಮರೆತುಹೋಯಿತೇ ಎಂದು ಗದರಿದೆ.

"ಡಾಕ್ಟ್ರ್ ವಾದ ಮಾಡ್ಬೇಡಿ ಅಂದದ್ದ್. ಹಲ್ಗಿ ಎಳಿಬೇಡಿ ಅನ್ಲಿಲ್ಲೆ."

ಅನ್ನಲಿಲ್ಲವೆಂದ ಮಾತ್ರಕ್ಕೆ ಅನುಮತಿ ಕೊಟ್ಟಂತಾಗುವುದಿಲ್ಲ, ಇದು ಶುದ್ಧ ಕುತರ್ಕ ಎಂದೆ. ಹೌದೆಂದು ಹೇಳುತ್ತಾರೇನೋ ಎಂದು ಹೆದರಿಕೆಯಾಯಿತು. ಹೇಳಲಿಲ್ಲ. ಅನ್ಲಿಲ್ಲೆ ಅಂದ್ರೆ ಅನ್ಲಿಲ್ಲೆ ಎಂದು ಮುಖ ತಿರುಗಿಸಿದರು. ನಾನು ಹಲಗೆಯ ಇನ್ನೊಂದು ತುದಿಯಲ್ಲಿ ಕುಳಿತೆ. ಕಿಂಡಿಗಳಲ್ಲಿ ಉಬ್ಬರದ ನೀರು ಮೇಲ್ಮುಖವಾಗಿ ನುಗ್ಗುವುದನ್ನು ಇಬ್ಬರೂ ನೋಡುತ್ತಿದ್ದೆವು. ಅವರು ನೀರಿನ ಕಡೆಗೇ ನೋಡುತ್ತ ಹೇಳಿದರು.

"ಈ ಬೇಸ್ಗಿಗೆ ನಂಗ್ ಕೊಡಪಾನ ಹೊರೂಕ್ ಆತಿಲ್ಲೆ ಭಾವ. ಅದ್ಕೆ."

ಆ ಮಾತನ್ನು ನಾನು ಎಲ್ಲ ಕಡೆಯಿಂದಲೂ ಪರೀಕ್ಷಿಸಿದೆ. ಹಿಂದೆ ಅವರಾಡಿದ ಯಾವ ಮಾತನ್ನೂ ದೋಷ ಹುಡುಕದೆ ಬಿಟ್ಟವನಲ್ಲ ನಾನು. ಇದರಲ್ಲಿ ಸಿಗಲಿಲ್ಲ. ಎದ್ದು ಹಲಗೆಯ ಒಂದು ತುದಿ ಹಿಡಿದೆ. ಅವರು ಇನ್ನೊಂದು ತುದಿ ಹಿಡಿಯಲು ಬಂದಾಗ ಬೇಡವೆಂದೆ. ಎಳೆಯುವುದು ಬೇರೆ, ಎತ್ತುವುದು ಬೇರೆ; ಒಬ್ಬನಿಂದ ಅದು ಏಳಲಿಲ್ಲ.

ಶಾಲೆಯ ಜಗಲಿಯಲ್ಲಿ ಕೈ ಎತ್ತಿದ ಮಹನೀಯರೇ, ಬೇಡವೆಂದು ವಾದಿಸುವ ಒಬ್ಬ ಮನುಷ್ಯನಿದ್ದಷ್ಟು ವರ್ಷವೂ, ಒಂದನ್ನು ಬಿಟ್ಟು, ಎದೆಮಟ್ಟದ ನೀರಿಗೆ ಇಳಿದವರು ನೀವು. ಬೇಕೆಂದು ಎಲ್ಲರೂ ಒಪ್ಪಿದ ಈ ವರ್ಷ, ಆ ಮನುಷ್ಯ ಎದೆ ಹಿಡಿದುಕೊಂಡು ಗದ್ದೆಯ ಅಂಚಿನಲ್ಲಿ ಹಲಗೆ ಎಳೆಯುತ್ತಿದ್ದಾಗ, ಎತ್ತಿದ ಆ ಕೈಗಳನ್ನೆಲ್ಲ ಎಲ್ಲಿ ಇಟ್ಟುಕೊಂಡಿದ್ದಿರಿ?